ತಮ್ಮನಿಗಿಂತ ಮೊದಲ ಪಾಳಿ

ಕುಪ್ಪೇಲೂರು, ಹಲಗೇರಿ ಸುತ್ತಿನ ರೈತರ ಸಂಘಕ್ಕೆ ಗೋವಿನಜೋಳದ ತೆನೆಯಿಂದ ಕಾಳು ಬಿಡಿಸುವ ರಾಶಿ ಮಷಿನ್ ಇದ್ದದ್ದು ಒಂದೇ. ಅದರ ಪಾಳಿಗಾಗಿ ಜನ ಕೊರಳಪಟ್ಟಿ ಹಿಡಿಯುವುದು ಬೇಡವೆಂದು ಸಂಘದವರು ಎಲ್ಲರ ಫೋನಿಗೂ ಒಂದೊಂದು ಏಜೆಂಟು ಹಾಕಿಕೊಟ್ಟರು. ಮನುಷ್ಯನಲ್ಲ, ಸಾಫ್ಟ್‌ವೇರು. ಚಹಾ ಕೇಳದು, ಎಲೆಅಡಿಕೆ ಕೇಳದು. ಯಜಮಾನನ ಮಾತು ಕೇಳಿಕೊಂಡು ಉಳಿದ ಏಜೆಂಟುಗಳ ಜೊತೆ ಪಾಳಿ ಅದಲುಬದಲು ಮಾಡುತ್ತದೆ. ಜಗಳವನ್ನೂ ಆಳಿಗೆ ಒಪ್ಪಿಸುವ ಸೌಭಾಗ್ಯ ಬೇರೆ ಯಾವ ಊರಿಗುಂಟು?

ಮಳೆಗಿಂತ ಮುಂಚೆ ರಾಶಿ ಆಗಲಿ ಎಂದು ಕುಪ್ಪೇಲೂರಿನ ಗುಡ್ಡಪ್ಪ ತನ್ನ ಏಜೆಂಟಿಗೆ ಹೇಳಬಹುದಿತ್ತು. ಅವನು ಹೇಳಿದ್ದು ಬೇರೆ: "ಏನರ ಆಗ್ಲಿ, ಕನಕಪ್ಪನ ಪಾಳಿ ನನಗಿಂತ ಮೊದಲ ಬರಬಾರದು."

ಕನಕಪ್ಪ ಒಡಹುಟ್ಟಿದ ತಮ್ಮ, ಗೋಡೆಯಾಚೆಯ ಮನೆ. ಆಸ್ತಿ ಪಾಲಾದಾಗ ಈ ಮಹಾನುಭಾವರು ರಾಶಿ ಮುಚ್ಚುವ ತಾಡಪತ್ರಿಯನ್ನೂ ನಟ್ಟನಡುವೆ ಕೊಯ್ದು ಹಂಚಿಕೊಂಡಿದ್ದರು. ಕನಕಪ್ಪನೂ ತನ್ನ ಏಜೆಂಟಿಗೆ ಅದನ್ನೇ ಹೇಳಿದ್ದ, ಹೆಸರಷ್ಟೇ ಬೇರೆ.

ಏಜೆಂಟುಗಳೆರಡೂ ಬ್ಯಾಡಗಿ ಪ್ಯಾಟಿಯ ದಲಾಲರಂತೆ ಚೌಕಾಸಿ ನಡೆಸಿದವು. ಮುಗಿಲು ಕಪ್ಪಿಟ್ಟ ಮಧ್ಯಾಹ್ನ ಗುಡ್ಡಪ್ಪನ ಫೋನು ಹೆಮ್ಮೆಯಿಂದ ಉಲಿಯಿತು: "ಒಪ್ಪಂದವಾಗಿದೆ. ಈ ವಾರ ನಿಮ್ಮಿಬ್ಬರಿಗೂ ಪಾಳಿ ಇಲ್ಲ. ಎರಡನ್ನೂ ಹಲಗೇರಿಯವರಿಗೆ ಬಿಟ್ಟುಕೊಟ್ಟಿದ್ದೇವೆ. ಕನಕಪ್ಪನವರು ನಿಮಗಿಂತ ಮೊದಲಿಲ್ಲ. ಅಭಿನಂದನೆಗಳು!"

"ಮರ್ಯಾದಿ ಉಳೀತಲ್ಲರಿ," ಎಂದಳು ಹೆಂಡತಿ ಉಡಚವ್ವ. "ಇನ್ನ ಅದನ್ನ ಬೀಸಿ ರೊಟ್ಟಿ ಬಡಿತೇನಿ."

ಹನಿ ಬಿತ್ತು. ಗುಡ್ಡಪ್ಪ ಕಣಕ್ಕೆ ಓಡಿದ. ಅವನ ಪಾಲಿನ ತಾಡಪತ್ರಿ ತುಂಡು ತೆನೆಯ ರಾಶಿಯ ಅರ್ಧ ಮೈಯನ್ನೂ ಮುಚ್ಚಲಿಲ್ಲ. ಗೋಡೆಯಾಚೆ ತಮ್ಮನದೂ ಅದೇ ಗೋಳು. ಈ ಕಡೆ ಎಳೆದರೆ ಆ ಕಡೆ ಬತ್ತಲೆ. ಯಾರದು ಹೆಚ್ಚು ತೊಯ್ದಿದೆ ಎಂದು ಮೊದಲು ನೋಡಿಕೊಂಡೇ ಗುಡ್ಡಪ್ಪ ಕೂಗಿದ:

"ಲೇ, ಎರಡೂ ತುಂಡ ಕೂಡಸೂಣು! ಒಂದ ರಾಶಿಯರ ಉಳೀಲಿ. ನಿಂದ ಮೊದಲ ಮುಚ್ಚೂಣು, ನಿನ್ನ ಮನ್ಯಾಗ ಸಣ್ಣ ಹುಡುಗ್ರದಾವ."

ಕನಕಪ್ಪ ತುಂಡು ಹಿಡಿದು ಗೋಡೆ ಹಾರಿ ಬಂದ. "ಬ್ಯಾಡಣ್ಣಾ. ನಿಂದ ಮೊದಲ."

ತಮ್ಮನ ಬಾಯಲ್ಲಿ ಅಣ್ಣ ಎಂಬ ಮಾತು ಗುಡ್ಡಪ್ಪ ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆದರೆ ಸೋಲುವ ಜಾಯಮಾನ ಅವನದಲ್ಲ.

"ನಿಂದ ಮೊದಲ ಅಂದ್ರ ನಿಂದ ಮೊದಲ!"

"ನನಗೇನ ಹೇಳ್ತಿ? ನಿಂದ!"

ಮಳೆ ಧೋ ಎಂದು ಸುರಿಯಿತು. ಇಬ್ಬರೂ ಒಂದೊಂದು ತುಂಡು ಹಿಡಿದು ಕೂಗಾಡುತ್ತಲೇ ಇದ್ದರು. ಎರಡೂ ರಾಶಿ ಒಟ್ಟಿಗೇ ತೊಯ್ದವು. ಯಾರದೂ ಮೊದಲಾಗಲಿಲ್ಲ.