ಅಕ್ಕ ಹೊರಗೆ ಉಂಡ ಆರು ವಾರ

ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡದ್ದು ಒಂದು ಸೋಮವಾರ ಬೆಳಿಗ್ಗೆ. ಮೂಳೆ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಆರು ವಾರ ಈ ಕೈಗೆ ರಜೆ" ಅಂದರು. ಅಲ್ಲಿಯವರೆಗೆ ನೋವಿಗೆ ಹಲ್ಲು ಕಚ್ಚಿ ಕೂತಿದ್ದ ಅಕ್ಕ ಆ ಮಾತಿಗೆ ಕಣ್ಣು ತುಂಬಿಕೊಂಡಳು.

"ಹಾಗಾದರೆ ಅಡುಗೆ?"

ಡಾಕ್ಟರು ಪಕ್ಕದಲ್ಲಿ ನಿಂತಿದ್ದ ತಂಗಿಯ ಮುಖ ನೋಡಿದರು. ತಂಗಿ ಗೋಡೆ ನೋಡಿದಳು.

ತಂಗಿಗೆ ಆಗ ನಲವತ್ತಾರು ವರ್ಷ. ಕೆಲಸ ಲಿಫ್ಟು ರಿಪೇರಿ. ಬಡಾವಣೆಯ ಮೂವತ್ತೆರಡು ಕಟ್ಟಡಗಳ ಲಿಫ್ಟುಗಳು ಅವಳ ಕೈಯಲ್ಲಿದ್ದವು. ಯಾವುದು ಮೂರನೇ ಮಹಡಿಯಲ್ಲಿ ಮುನಿಸಿಕೊಂಡು ನಿಲ್ಲುತ್ತದೆ, ಯಾವುದರ ಬಾಗಿಲು ಮಳೆಗಾಲದಲ್ಲಿ ಗೊಣಗುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಜನ ಅವಳನ್ನು ಲಿಫ್ಟಮ್ಮ ಅನ್ನುತ್ತಿದ್ದರು. ಅಕ್ಕ ಮಾತ್ರ ಪುಟ್ಟಿ ಅನ್ನುತ್ತಿದ್ದಳು. ಗ್ರೀಸು ಮೆತ್ತಿದ ಕೈಯ, ಕನ್ನಡಕ ಹಾಕಿದ ಈ ಹೆಂಗಸನ್ನು ಪುಟ್ಟಿ ಅಂತ ಕರೆಯುವ ಜೀವ ಭೂಮಿಯ ಮೇಲೆ ಅದೊಂದೇ ಉಳಿದಿತ್ತು.

ಅಮ್ಮ ತೀರಿಕೊಂಡಾಗ ಪುಟ್ಟಿಗೆ ಹತ್ತು, ಅಕ್ಕನಿಗೆ ಹತ್ತೊಂಬತ್ತು. ಮರುವರ್ಷವೇ ಅಕ್ಕ ಬಟ್ಟೆ ಗಿರಣಿಯ ಕ್ಯಾಂಟೀನಿಗೆ ಅಡುಗೆಗೆ ಸೇರಿದಳು. ಮೂವತ್ತನಾಲ್ಕು ವರ್ಷ, ದಿನಕ್ಕೆ ನಾನೂರು ಜನರ ಊಟ. ಮನೆಗೆ ಬಂದು ಮತ್ತೆ ಇಬ್ಬರದು. ಹೋದ ವರ್ಷ ಕ್ಯಾಂಟೀನು ಮುಚ್ಚಿದ ಮೇಲೂ ಅವಳ ಕೈ ಸುಮ್ಮನೆ ಕೂತಿರಲಿಲ್ಲ. ಹಾಗಾಗಿ ಈ ಬಡಾವಣೆಗೆ ಬಂದು ಹನ್ನೊಂದು ವರ್ಷವಾದರೂ ಅವರಿಬ್ಬರೂ ಹೊರಗೆ ಒಂದು ತುತ್ತು ತಿಂದವರಲ್ಲ.

ಮೊದಲೆರಡು ದಿನ ಪುಟ್ಟಿಯೇ ಒಲೆ ಹಚ್ಚಿದಳು. ಮೊದಲ ದಿನ ಅನ್ನ ಪಾತ್ರೆಗೆ ಹತ್ತಿತು. ಎರಡನೆಯ ದಿನ ಯಾವುದು ಅನ್ನ, ಯಾವುದು ಪಾತ್ರೆ ಅಂತ ಹೇಳುವ ಹಾಗಿರಲಿಲ್ಲ. ಅಕ್ಕ ಸಾರಿನಲ್ಲಿ ಚಮಚ ಅದ್ದಿ ನಾಲಿಗೆಗೆ ಮುಟ್ಟಿಸಿ ಕೇಳಿದಳು.

"ಉಪ್ಪು ಹಾಕಿದ್ದೀಯಾ?"

"ಹಾಕಿದ್ದೀನಿ ಅಕ್ಕಾ."

"ಎಷ್ಟು ಸಲ?"

ಮೂರನೆಯ ದಿನ ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟರು.

ಮೊದಲು ಹೋದದ್ದು ದೊಡ್ಡ ಸರ್ಕಲ್ಲಿನ ಗಾಜಿನ ಹೋಟೆಲಿಗೆ. ಗೋಡೆ ತುಂಬ ಊಟದ ಫೋಟೋಗಳು. ಸೂಪು ಬಂತು. ಅಕ್ಕ ಬಡಿಸುವವನನ್ನು ಕರೆದು, "ಇದು ಯಾವ ತರಕಾರಿದಪ್ಪಾ?" ಅಂದಳು. ಅವನು ಬಟ್ಟಲಿಗೆ ಬಗ್ಗಿ ನೋಡಿ, ಸ್ವಲ್ಪ ಯೋಚಿಸಿ, "ತರಕಾರಿದು" ಅಂದ. ಅಕ್ಕ ಚಮಚ ಕೆಳಗಿಟ್ಟಳು.

ಮರುದಿನದಿಂದ ಪುಟ್ಟಿ ಕೆಲಸಕ್ಕೆ ಹೋದಲ್ಲೆಲ್ಲ ವಿಚಾರಿಸತೊಡಗಿದಳು. ಲಿಫ್ಟು ಬಿಚ್ಚಿಟ್ಟುಕೊಂಡು ಕೂತವಳನ್ನು ದಾಟಿ ಮೆಟ್ಟಿಲು ಹತ್ತುವವರು ಬೈಯುವ ಬದಲು ಊಟದ ಮಾತಿಗೆ ನಿಲ್ಲುತ್ತಿದ್ದರು. ಆದರೆ ಒಬ್ಬೊಬ್ಬರದು ಒಂದೊಂದು ನಾಲಿಗೆ. ಬ್ಯಾಂಕಿನ ಕಾವಲುಗಾರ ಹೇಳಿದ ಕಡೆ ಕೂರಲು ಜಾಗವಿರಲಿಲ್ಲ. ನಾಲ್ಕನೇ ಮಹಡಿಯ ಟೀಚರು ಹೊಗಳಿದ ಕಡೆ ಜಾಗವೊಂದೇ ಇತ್ತು. ಹಲ್ಲಿನ ಡಾಕ್ಟರು ಹೇಳಿದ ಹೋಟೆಲಿನಲ್ಲಿ ಬ್ರೆಡ್ಡು ಇಟ್ಟಿಗೆಯಂತಿತ್ತು. "ಅವರಿಗೂ ಗಿರಾಕಿ ಬೇಕಲ್ಲ" ಅಂದಳು ಅಕ್ಕ.

ಹೋದ ಕಡೆಯಲ್ಲೆಲ್ಲ ಅಕ್ಕ ನಾಲ್ಕು ತುತ್ತಿಗೆ ಮೂಗು ಮುರಿದು ತಟ್ಟೆ ಸರಿಸಿಬಿಡುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಅವಳ ಕೆನ್ನೆ ಒಳಗೆ ಹೋಯಿತು. ಪುಟ್ಟಿಗೆ ಸಿಟ್ಟು ಬಂತು.

"ನಿನಗೆ ರುಚಿಸೋ ಊಟ ಎಲ್ಲಿ ಸಿಗುತ್ತೆ ಅಂತ ನೀನೇ ಹೇಳಿಬಿಡು, ಮಹಾರಾಯ್ತಿ!"

ಅಕ್ಕ ತಲೆ ತಗ್ಗಿಸಿ ಪ್ಲಾಸ್ಟರು ಕೆರೆದುಕೊಂಡಳು. ಆಮೇಲೆ, "ನಾವು ಮುಂಬಾಗಿಲಿನಿಂದ ಹೋಗ್ತಿದ್ದೀವಿ, ಅದೇ ತಪ್ಪು" ಅಂದಳು. "ನಾಳೆ ಹನ್ನೊಂದು ಗಂಟೆಗೆ ಹಿಂದಿನ ಗಲ್ಲಿಗಳಲ್ಲಿ ನಡಿ. ತರಕಾರಿ ಹೆಚ್ಚಿ ಮುಗಿದಿರುತ್ತೆ. ಕಸದ ಡಬ್ಬ ನೋಡಿದರೆ ಒಳಗೇನು ನಡೀತಿದೆ ಅಂತ ಗೊತ್ತಾಗುತ್ತೆ."

ಮರುದಿನ ಶನಿವಾರ. ಪುಟ್ಟಿ ಎರಡು ಲಿಫ್ಟುಗಳ ನಡುವೆ ಬಿಡುವು ಮಾಡಿಕೊಂಡು, ಕಂಪನಿಯ ನೀಲಿ ಅಂಗಿ, ಎದೆಯ ಮೇಲೆ ಬಿಲ್ಲೆ, ಕೈಯಲ್ಲಿ ಟಾರ್ಚು ಹಿಡಿದು ಹಾಗೆಯೇ ಬಂದಳು. ಅಕ್ಕ ಮುಂದೆ, ಅವಳು ಹಿಂದೆ. ಗಾಜಿನ ಹೋಟೆಲಿನ ಹಿಂದೆ ಡಬ್ಬದ ತುಂಬ ರೆಡಿಮೇಡ್ ಸೂಪಿನ ತಗಡಿನ ಡಬ್ಬಿಗಳು. "ಅದಕ್ಕೇ ಪಾಪ ಆ ಹುಡುಗನಿಗೆ ಹೆಸರು ಗೊತ್ತಿರಲಿಲ್ಲ" ಅಂದಳು ಅಕ್ಕ. ಇನ್ನೊಂದು ಕಡೆ ಮುಟ್ಟದೇ ಬಿಸಾಕಿದ ಅನ್ನ. ಅಕ್ಕ ಅಲ್ಲಿ ನಿಲ್ಲಲೇ ಇಲ್ಲ.

ಲಾಂಡ್ರಿಯ ಹಿಂದಿನ ಇಕ್ಕಟ್ಟಾದ ಗಲ್ಲಿಯಲ್ಲಿ, ಬೋರ್ಡೇ ಇಲ್ಲದ ಒಂದು ಹೋಟೆಲಿನ ಹಿತ್ತಿಲ ಬಾಗಿಲ ಮುಂದೆ ಅವಳ ಕಾಲು ನಿಂತವು. ಡಬ್ಬದಲ್ಲಿ ಕ್ಯಾರೆಟ್ಟಿನ ಸಿಪ್ಪೆ, ಬೀನ್ಸಿನ ನಾರು, ಕುಂಬಳದ ತಿರುಳು.

"ಟಾರ್ಚು ಹಾಕು ಪುಟ್ಟೀ. ನೋಡು, ಸಿಪ್ಪೆ ಎಷ್ಟು ತೆಳು! ಕಾಗದದ ಹಾಗಿದೆ. ಇವರು ತರಕಾರಿಗೆ ಮರ್ಯಾದೆ ಕೊಡೋ ಜನ."

ಇಬ್ಬರೂ ಡಬ್ಬದೊಳಗೆ ತಲೆ ತೂರಿಸಿ ನೋಡುತ್ತಿದ್ದಾಗ ಬಾಗಿಲು ದಡಕ್ಕನೆ ತೆರೆಯಿತು. ಭಾರೀ ಹೊಟ್ಟೆಯ, ಬಿಳಿ ಏಪ್ರನ್ನಿನ ಒಬ್ಬ ಮನುಷ್ಯ ನಿಂತಿದ್ದ. ಪುಟ್ಟಿಯ ಎದೆಯ ಬಿಲ್ಲೆ ನೋಡಿದ್ದೇ ಅವನ ಮುಖ ಬಿಳಿಚಿಕೊಂಡಿತು.

"ಮೇಡಂ, ಹೋದ ತಿಂಗಳು ತಾನೇ ನಿಮ್ಮ ಹೆಲ್ತ್ ಆಫೀಸಿನವರು ಬಂದು ನೋಡಿಕೊಂಡು ಹೋದರು! ಬನ್ನಿ, ಒಳಗೆ ಬನ್ನಿ, ಮೂಲೆ ಮೂಲೆ ನೋಡಿ. ನಮ್ಮಲ್ಲಿ ಮುಚ್ಚಿಡೋದು ಏನೂ ಇಲ್ಲ."

"ನಾನು ಲಿಫ್ಟು..." ಅಂತ ಪುಟ್ಟಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೊಸ್ತಿಲು ದಾಟಿ ಆಗಿತ್ತು. ತೆರೆದ ಅಡುಗೆಮನೆಯ ಬಾಗಿಲು ಕಂಡರೆ ಅವಳನ್ನು ಹಿಡಿಯುವವರು ಯಾರು?

ಪುಟ್ಟ ಅಡುಗೆಮನೆ. ನಾಲ್ಕು ಒಲೆ, ಉಜ್ಜಿ ಉಜ್ಜಿ ಸವೆದ ಕಟ್ಟೆ, ಮೊಳೆಗೆ ನೇತುಹಾಕಿದ ಸೌಟುಗಳು. ಒಲೆಯ ಮುಂದೆ ಕಡ್ಡಿಯಂಥ ಒಬ್ಬ ಹೆಂಗಸು, ಹೋಟೆಲಿನವನ ಹೆಂಡತಿ, ಸೌಟು ಆಡಿಸುತ್ತಿದ್ದಳು. ಅಕ್ಕ ಎಡಗೈಯಲ್ಲೇ ಒಂದೊಂದು ಪಾತ್ರೆಯ ಮುಚ್ಚಳ ತೆಗೆಯುತ್ತ ಹೋದಳು.

"ಕಾಳು ಯಾವಾಗ ನೆನೆಸಿದ್ದು?"

"ನಿನ್ನೆ ಸಂಜೆ ಏಳಕ್ಕೆ ಮೇಡಂ" ಅಂದ ಹೋಟೆಲಿನವನು, ಬೆವರು ಒರೆಸಿಕೊಳ್ಳುತ್ತ.

"ಎಣ್ಣೆ?"

"ದಿನಾ ಹೊಸದು ಮೇಡಂ."

ಸೌಟು ಆಡಿಸುತ್ತಲೇ ನೋಡುತ್ತಿದ್ದ ಹೆಂಡತಿ ಈಗ ನಕ್ಕುಬಿಟ್ಟಳು. "ನೀವು ಸುಮ್ಮನೆ ಗಾಬರಿ ಆಗಬೇಡಿ ಮಾರಾಯರೇ. ಇವರು ಆಫೀಸಿನವರಲ್ಲ. ಮುಚ್ಚಳ ತೆಗೆಯೋದು ನೋಡಿ. ಎಡಗೈಯಲ್ಲೂ ಆವಿ ಆಚೆ ಕಡೆ ಹೋಗೋ ಹಾಗೆ ತೆಗೀತಾರೆ. ಇವರು ಅಡುಗೆಯವರು."

ಅಕ್ಕನ ಕಿವಿ ಕೆಂಪಾಯಿತು. ಪುಟ್ಟಿ ಇದ್ದ ವಿಷಯ ಇದ್ದ ಹಾಗೆ ಹೇಳಿದಳು: ಮುರಿದ ಕೈ, ಹತ್ತಿದ ಅನ್ನ, ಕಸದ ಡಬ್ಬ, ಎಲ್ಲವನ್ನೂ. ಹೋಟೆಲಿನವನು ಗೋಡೆಗೆ ಒರಗಿ ಹೊಟ್ಟೆ ಕುಣಿಸಿ ಕುಣಿಸಿ ನಕ್ಕ. "ನಾನಿಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ ಕಣ್ರಮ್ಮಾ! ಬನ್ನಿ, ಕೂತ್ಕೊಳ್ಳಿ, ಉಣ್ಣಿ."

ಮುಂದಿನ ಕೋಣೆಯಲ್ಲಿ ಆರೇ ಮೇಜು. ಸೂಪು ಬಂತು, ಜೊತೆಗೆ ಬೇಯಿಸಿದ ಕಾಳು, ಮೀನಿನ ತುಂಡು, ಬ್ರೆಡ್ಡು. ಅಕ್ಕ ಎಡಗೈಯಲ್ಲಿ ಚಮಚ ಎತ್ತಿದಳು. ಬಾಯಿಗೆ ಹೋಗುವಷ್ಟರಲ್ಲಿ ಚಮಚ ವಾಲಿ ಅರ್ಧ ಚೆಲ್ಲಿತು. ಎರಡನೆಯ ಚಮಚ ಸೆರಗಿನ ಮೇಲೆ ಬಿತ್ತು. ಅವಳು ಸುತ್ತ ಒಮ್ಮೆ ಕಣ್ಣಾಡಿಸಿ, ಬಟ್ಟಲು ಮೆಲ್ಲಗೆ ಸರಿಸಿ, ಅದೇ ಹಳೆಯ ಧಾಟಿಯಲ್ಲಿ, "ಯಾಕೋ ಅಷ್ಟು..." ಅಂತ ಶುರು ಮಾಡಿದಳು.

ಪುಟ್ಟಿಗೆ ಆಗ ಹೊಳೆಯಿತು. ವಾರವೆಲ್ಲ ಅಕ್ಕನಿಗೆ ಬೇಡವಾಗಿದ್ದು ಊಟವಲ್ಲ. ಹತ್ತು ಜನರ ಮುಂದೆ ಮಗುವಿನ ಹಾಗೆ ಚೆಲ್ಲಿಕೊಳ್ಳುವುದು ಬೇಡವಾಗಿತ್ತು. ಎದುರಿಗೇ ಕೂತು ಇದು ಕಾಣದೆ ಹೋಯಿತಲ್ಲ ಅಂತ ಅವಳು ತನ್ನನ್ನೇ ಬೈದುಕೊಂಡಳು.

ಆದರೆ ಅವಳು ಏನಾದರೂ ಮಾಡುವ ಮೊದಲೇ ಹೋಟೆಲಿನವನ ಹೆಂಡತಿ ಒಳಗಿನಿಂದ ಬಂದಳು. ತಟ್ಟೆ ಬಟ್ಟಲು ಎರಡನ್ನೂ ಎತ್ತಿಕೊಂಡು ಹೋದಳು. ಎರಡು ನಿಮಿಷಕ್ಕೆ ವಾಪಸು ತಂದಿಟ್ಟಾಗ ಸೂಪು ದೊಡ್ಡ ಹಿಡಿಯ ಕಪ್ಪಿನಲ್ಲಿತ್ತು. ಮೀನಿನ ಮುಳ್ಳು ತೆಗೆದಿತ್ತು. ಬ್ರೆಡ್ಡು ಬಾಯಿಗೊಂದೊಂದು ಹಿಡಿಯುವಷ್ಟು ತುಂಡಾಗಿತ್ತು. ಅವಳು ಅಕ್ಕನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತು, "ಉಪ್ಪು ಸರಿ ಇದೆಯಾ? ಇನ್ನೊಂದು ಸ್ವಲ್ಪ ಹಾಕ್ಲಾ?" ಅಂದಳು.

ಅಕ್ಕ ಎಡಗೈಯಲ್ಲಿ ಕಪ್ಪು ಹಿಡಿದುಕೊಂಡಳು. ತಲೆ ಆಡಿಸಿದಳು. ಆಮೇಲೆ ಕುಡಿದಳು, ತಿಂದಳು, ಮತ್ತೆ ಹಾಕಿಸಿಕೊಂಡಳು. ತಟ್ಟೆಯಲ್ಲಿ ಒಂದು ಕಾಳೂ ಉಳಿಯಲಿಲ್ಲ.

ಮನೆಗೆ ನಡೆದು ಬರುವಾಗ ಲಾಂಡ್ರಿ ದಾಟಿದ ಮೇಲೆ ಅವಳು ಹೇಳಿದಳು. "ಮೂವತ್ತನಾಲ್ಕು ವರ್ಷ ದಿನಾ ನಾನೂರು ಜನಕ್ಕೆ ಕೇಳಿದ್ದೀನಿ ಕಣೇ, ಇನ್ನೊಂದು ಸ್ವಲ್ಪ ಹಾಕ್ಲಾ ಅಂತ. ನನ್ನನ್ನ ಯಾರೂ ಕೇಳಿರಲಿಲ್ಲ. ಕೇಳಿದರೆ ಹೇಗಿರುತ್ತೆ ಅಂತಾನೇ ಗೊತ್ತಿರಲಿಲ್ಲ." ಅದರಲ್ಲಿ ದೂರು ಇರಲಿಲ್ಲ. ದಿನಾ ಓಡಾಡುವ ದಾರಿಯಲ್ಲೇ ಹೊಸ ಮರ ಕಂಡವರ ಅಚ್ಚರಿಯಿತ್ತು.

ಪುಟ್ಟಿ ಫುಟ್‌ಪಾತಿನ ನಡುವೆ ನಿಂತುಬಿಟ್ಟಳು. "ನಾನೂ ಕೇಳಿಲ್ಲವಲ್ಲ ಅಕ್ಕಾ."

"ನೀನು ಕೇಳೋದೇನು? ಖಾಲಿ ತಟ್ಟೆ ಕೊಡ್ತಿದ್ದೆಯಲ್ಲ, ಸಾಕು."

"ಸಾಕಾಗಲ್ಲ" ಅಂದಳು ಪುಟ್ಟಿ. ಅವಳಿಗೆ ಮೋಟಾರಿನ ಜೊತೆ ಮಾತಾಡಿ ಅಭ್ಯಾಸವೇ ಹೊರತು ಇಂಥ ಮಾತು ಆಡಿ ಗೊತ್ತಿರಲಿಲ್ಲ. ತಡವರಿಸಿದಳು. "ನಾನು ಲಿಫ್ಟು ಕೆಲಸ ಕಲೀತೀನಿ ಅಂದಾಗ ಮಾವ, ಅತ್ತೆ, ಎಲ್ಲರೂ ನಕ್ಕರು. ನೀನು ಎರಡು ಡಬ್ಬ ಕಟ್ಟಿದೆ. ಒಂದು ನನಗೆ, ಇನ್ನೊಂದು ನನಗೆ ಕೆಲಸ ಕಲಿಸ್ತಿದ್ದ ಆ ಮುದಿ ಮೇಸ್ತ್ರಿಗೆ. ಎರಡು ವರ್ಷ. ಆ ಡಬ್ಬ ಇಲ್ಲದಿದ್ದರೆ ಅವನು ನನಗೆ ಸ್ಪ್ಯಾನರು ಮುಟ್ಟೋಕೂ ಬಿಡ್ತಿರಲಿಲ್ಲ. ನಾನು ಇವತ್ತಿನವರೆಗೆ ನಿನಗೆ ಒಂದು ಮಾತು ಹೇಳಿಲ್ಲ. ನಿನ್ನಿಂದ ಬದುಕಿದೆ ಅಕ್ಕಾ."

ಅಕ್ಕ ಅವಳನ್ನು ನೋಡಿದಳು. "ಮೇಸ್ತ್ರಿ ಮೊದಲ ತಿಂಗಳೇ ಹೇಳಿದ್ದ, ಈ ಹುಡುಗಿಗೆ ನನ್ನ ಕೆಲಸ ಬಿಟ್ಟುಕೊಡಬಹುದು ಅಂತ. ನಿನ್ನ ತಲೆ ತಿರುಗೀತು ಅಂತ ನಾನೇ ನಿನಗೆ ಹೇಳಿರಲಿಲ್ಲ" ಅಂದಳು. ಎಡಗೈಯಿಂದ ಪುಟ್ಟಿಯ ತೋಳು ಹಿಡಿದುಕೊಂಡಳು. ಹಾಗೇ ಮನೆವರೆಗೆ ನಡೆದರು.

ಮುಂದಿನ ವಾರಗಳು ಸರಾಗ. ಹಿಂದಿನ ಗಲ್ಲಿಗಳ ಲೆಕ್ಕಾಚಾರದಿಂದಲೇ ಇನ್ನೆರಡು ಒಳ್ಳೆ ಜಾಗ ಸಿಕ್ಕವು. ಒಂದು ಬೇಕರಿ. ಅಲ್ಲಿಯ ಅಜ್ಜಿ ಅಕ್ಕನಿಗೆಂದು ಮೆತ್ತಗಿನ ಬ್ರೆಡ್ಡು ಎತ್ತಿಡುತ್ತಿದ್ದಳು. ಇನ್ನೊಂದು ಬಸ್ ಡಿಪೋ ಗೇಟಿನ ಬಳಿಯ ಮೊಟ್ಟೆಯ ಗಾಡಿ. ಡ್ರೈವರುಗಳು ಅಕ್ಕನಿಗೆ ಸ್ಟೂಲು ಬಿಟ್ಟುಕೊಟ್ಟು ನಿಂತು ತಿನ್ನುತ್ತಿದ್ದರು. ಆದರೆ ವಾರಕ್ಕೆ ನಾಲ್ಕು ದಿನ ಲಾಂಡ್ರಿ ಹಿಂದಿನ ಆರು ಮೇಜಿನ ಹೋಟೆಲೇ. ಅಕ್ಕ ಮುಂಬಾಗಿಲಿನಿಂದ ಹೋಗುತ್ತಲೇ ಇರಲಿಲ್ಲ.

ಐದನೆಯ ವಾರದ ಭಾನುವಾರ ಅವರು ಹೋದಾಗ ಒಲೆಯ ಮುಂದೆ ಹೋಟೆಲಿನವನೊಬ್ಬನೇ ಇದ್ದ, ಕಣ್ಣು ಕಣ್ಣು ಬಿಡುತ್ತ. ಹೆಂಡತಿಗೆ ಜ್ವರ, ಮೇಲಿನ ಕೋಣೆಯಲ್ಲಿ ಮಲಗಿದ್ದಳು. ಆಸ್ಪತ್ರೆಯ ನರ್ಸುಗಳ ಹಾಸ್ಟೆಲಿಗೆ ಒಂದು ಗಂಟೆಗೆ ನಲವತ್ತು ಊಟ ಕೊಡಬೇಕಿತ್ತು. "ನಾನು ಹೆಚ್ಚೋನು, ತೊಳೆಯೋನು ಅಮ್ಮಾ. ಕೈಗುಣ ಎಲ್ಲ ಅವಳದ್ದು" ಅಂದ.

ಅಕ್ಕ ಗಡಿಯಾರ ನೋಡಿದಳು. ಹತ್ತೂ ಕಾಲು. ಒಂದು ಸ್ಟೂಲು ಎಳೆದು ಅಡುಗೆಮನೆಯ ನಟ್ಟನಡುವೆ ಹಾಕಿಸಿಕೊಂಡು ಕೂತಳು. "ಪುಟ್ಟೀ, ಕೈ ತೊಳ್ಕೋ."

"ನಾನಾ?"

"ಇಲ್ಲಿ ಇನ್ಯಾವ ಪುಟ್ಟಿ ಇದ್ದಾಳೆ?"

ಆ ಎರಡೂ ಮುಕ್ಕಾಲು ಗಂಟೆ ಪುಟ್ಟಿ ಕೆಲಸ ಮಾಡಿದ ಹಾಗೆ ಯಾವ ಲಿಫ್ಟಿನಡಿಯ ಗುಂಡಿಗಿಳಿದೂ ಮಾಡಿರಲಿಲ್ಲ. ಅಕ್ಕ ಕೂತಲ್ಲಿಂದಲೇ ವಾಸನೆಯ ಮೇಲೆ ಆಜ್ಞೆ ಕೊಡುತ್ತಿದ್ದಳು. "ಎಡಗಡೆ ಉರಿ ಸಣ್ಣ ಮಾಡು. ಈಗಲೇ ಉಪ್ಪು ಬೇಡ, ಕಾಳು ಮೆತ್ತಗಾಗಲಿ. ನೀರು, ನೀರು! ಅಷ್ಟಲ್ಲ!" ಹೋಟೆಲಿನವನು ಹೆಚ್ಚಿ ಕೊಟ್ಟ, ಪುಟ್ಟಿ ಕಲಕಿದಳು. ಅಕ್ಕ ಎಡಗೈಯಲ್ಲಿ ಚಮಚ ಹಿಡಿದು ಒಂದೊಂದನ್ನೂ ರುಚಿ ನೋಡಿದಳು. ಅಷ್ಟು ದಿನದ ಅಭ್ಯಾಸದಲ್ಲಿ ಆ ಕೈ ಒಂದು ಹನಿಯನ್ನೂ ಚೆಲ್ಲಲಿಲ್ಲ. ಒಂದಕ್ಕೆ ಐದು ನಿಮಿಷ ಇರುವಾಗ ನಲವತ್ತು ಡಬ್ಬ ಗಾಡಿ ಹತ್ತಿದವು.

ಅಕ್ಕ ಒಂದು ಕಪ್ಪು ಸೂಪು ಪುಟ್ಟಿಯ ಕೈಗೆ ಕೊಟ್ಟು, "ಮೇಲೆ ಹೋಗಿ ಆಕೆಗೆ ಕುಡಿಸು. ಕುಡಿದ ಮೇಲೆ ಏನು ಕೇಳಬೇಕು ಅಂತ ಗೊತ್ತಲ್ಲ" ಅಂದಳು. ಪುಟ್ಟಿ ಮೆಟ್ಟಿಲು ಹತ್ತಿ ಹೋದಳು, ಕುಡಿಸಿದಳು, ಕೇಳಿದಳು. ಜ್ವರದ ಕಣ್ಣುಗಳು ನಕ್ಕವು. "ಹಾಕಿ, ಇನ್ನರ್ಧ ಕಪ್ಪು. ಇದನ್ನ ಮಾಡಿದ್ದು ಯಾರು?" ನಾನೇ ಅನ್ನಲು ಪುಟ್ಟಿಗೆ ನಾಚಿಕೆಯಾಯಿತು, ಆದರೂ ಅಂದಳು.

ಪ್ಲಾಸ್ಟರು ತೆಗೆದಾಗ ಕೈ ತೆಳ್ಳಗೆ ಬಿಳಿಚಿಕೊಂಡಿತ್ತು. ಇನ್ನು ಮೇಲೆ ಭಾರದ ಪಾತ್ರೆ ಎತ್ತುವ ಹಾಗಿಲ್ಲ ಅಂದರು ಡಾಕ್ಟರು. ಅಕ್ಕ ಕುಗ್ಗಿಹೋಗುತ್ತಾಳೆ ಅಂತ ಪುಟ್ಟಿ ಅಂದುಕೊಂಡಳು. ಅಕ್ಕ, "ಎತ್ತೋರಿದ್ದಾರೆ ಬಿಡಿ" ಅಂದು ಎದ್ದಳು.

ಈಗ ವಾರದಲ್ಲಿ ಮೂರು ಬೆಳಿಗ್ಗೆ ಅವಳು ಲಾಂಡ್ರಿಯ ಹಿಂದಿನ ಅಡುಗೆಮನೆಯಲ್ಲಿ ಕೂತಿರುತ್ತಾಳೆ. ಹೋಟೆಲಿನವನ ಹೆಂಡತಿ ಒಲೆಯ ಮುಂದೆ, ಇವಳು ಪಕ್ಕದಲ್ಲಿ ಬೀನ್ಸಿನ ನಾರು ಬಿಡಿಸುತ್ತ. ಇಬ್ಬರಿಗೂ ಹಿಂಗಿನಷ್ಟು ವಿಷಯಕ್ಕೆ ಒಂದು ಗಂಟೆ ಜಗಳ, ಅರ್ಧ ಗಂಟೆ ನಗು. ಒಂದು ಗಂಟೆಗೆ ಪುಟ್ಟಿ ನೀಲಿ ಅಂಗಿಯಲ್ಲಿ ಬಂದು ಹಿತ್ತಿಲ ಬಾಗಿಲಲ್ಲಿ ಕೈ ತೊಳೆಯುತ್ತಾಳೆ, ಮೂವರಿಗೂ ತಟ್ಟೆ ಹಾಕುತ್ತಾಳೆ, ಹೋಟೆಲಿನವನನ್ನು ಕೂಗಿ ಕರೆಯುತ್ತಾಳೆ. ಬಡಿಸುವುದು ಅವಳ ಪಾಲಿನ ಕೆಲಸ. ಅದನ್ನು ಅವಳು ಯಾರಿಗೂ ಬಿಟ್ಟುಕೊಡುವುದಿಲ್ಲ.