ಮುದುಕಪ್ಪ ಕಾಲಿಡದ ನಾಡು

ಹಿಂದಕ್ಕೆ ನಡೆಯುವ ವಿದ್ಯೆಯಲ್ಲಿ ಮುದುಕಪ್ಪ ನಿಸ್ಸೀಮ. ಹದಿನೈದು ವರ್ಷದಿಂದ ಹಂಪಿಯಲ್ಲಿ ಗೈಡಾಗಿರುವ ಅವನು ಪ್ರವಾಸಿಗರಿಗೆ ಮುಖ ಕೊಟ್ಟು, ಎರಡೂ ಕೈಗಳಿಂದ ಗಾಳಿಯಲ್ಲಿ ಬಿದ್ದುಹೋದ ಮಂಟಪಗಳನ್ನು ಮತ್ತೆ ಎತ್ತಿ ನಿಲ್ಲಿಸುತ್ತ, ಬೆನ್ನ ಕಡೆಗೆ ಹೆಜ್ಜೆ ಹಾಕಿಕೊಂಡೇ ಹಂಪಿ ಬಜಾರಿನ ಈ ತುದಿಯಿಂದ ಆ ತುದಿಗೆ ಹೋಗಬಲ್ಲ. ದಾರಿಯಲ್ಲಿ ಮಲಗಿದ ನಾಯಿಯಾಗಲಿ, ನೆಲದಿಂದ ತಲೆ ಎತ್ತಿದ ಕಲ್ಲಾಗಲಿ ಅವನ ಹಿಮ್ಮಡಿಗೆ ತಾಗಿದ್ದನ್ನು ನಾನಂತೂ ಕಂಡಿಲ್ಲ. ಹೊಸಪೇಟೆಯ ಸಂತೆಯಲ್ಲೂ ಹೆಂಡತಿ ಲಲಿತಾಳ ಮುಂದೆ ಹೀಗೆಯೇ ನಡೆಯುತ್ತಾನೆ, ಬದನೆಕಾಯಿಯ ರಾಶಿಯನ್ನೂ ಒಂದು ಸ್ಮಾರಕವೆಂಬಂತೆ ತೋರಿಸುತ್ತಾನೆ. ಹೆಸರು ಅಜ್ಜನದು, ವಯಸ್ಸು ಮೂವತ್ತೆಂಟು. ಏಪ್ರಿಲ್ ಬಿಸಿಲಿಗೂ ಮೈಯಿಂದ ಇಳಿಯದ ಹನ್ನೊಂದು ಜೇಬಿನ ಖಾಕಿ ಕೋಟು ಅವನದು. ಯಾವ ಜೇಬಿನಲ್ಲಿ ಏನಿದೆ ಎಂಬುದು ಅವನೊಬ್ಬನಿಗೇ ಗೊತ್ತು, ಹಾಗೆ ತನಗೊಬ್ಬನಿಗೇ ಗೊತ್ತಿರುವುದರಲ್ಲಿ ಅವನಿಗೆ ವಿಶೇಷ ಸುಖ.

ಬಿಸಿಲೇರಿ ಬಂಡೆಗಳು ಕಾದು ಪ್ರವಾಸಿಗರು ನೆರಳು ಸೇರಿದ ಮೇಲೆ ಅವನ ಇನ್ನೊಂದು ಸಂಸಾರ ಶುರುವಾಗುತ್ತದೆ. ಹೊಸಪೇಟೆಯ ಕಾಲೇಜು ರಸ್ತೆಯಲ್ಲಿ ಅವನದೊಂದು ವಿಡಿಯೊ ಗೇಮಿನ ಅಂಗಡಿ: ಎರಡು ಟಿ.ವಿ., ಪ್ಲೇಸ್ಟೇಷನ್ ಎಂಬ ಎರಡು ಆಟದ ಪೆಟ್ಟಿಗೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಓಪನ್ ವರ್ಲ್ಡ್ ಎಂದು ಹುಡುಗರು ಕರೆಯುವ ಆಟಗಳು ಮಾತ್ರ ಅವನಿಗೆ ಪ್ರಿಯ. ಅಲ್ಲಿ ಒಂದು ಇಡೀ ನಾಡೇ ಬಿಚ್ಚಿಕೊಂಡು ಬಿದ್ದಿರುತ್ತದೆ, ಎತ್ತ ಬೇಕಾದರೂ ಹೋಗಬಹುದು. ಆದರೆ ಆಟ ಒಪ್ಪಿಸಿದ ಕೆಲಸವನ್ನು ಮುದುಕಪ್ಪ ಎಂದೂ ಮಾಡಿದವನಲ್ಲ. ಅಪಹೃತಳಾದ ರಾಜಕುಮಾರಿ ಎರಡು ವರ್ಷದಿಂದ ಸೆರೆಯಲ್ಲಿದ್ದರೂ ಈ ಮಹಾನುಭಾವ ಅವಳ ಕೋಟೆಯ ಹೊರಗೋಡೆಯ ಕೆತ್ತನೆ ನೋಡಿಕೊಂಡು ಸುತ್ತುತ್ತಿದ್ದ. ಗುಂಡಿ ಒತ್ತಿದರೆ ಊರಿಂದೂರಿಗೆ ಹಾರುವ ಸೌಲಭ್ಯವಿದ್ದರೂ ಮುಟ್ಟುತ್ತಿರಲಿಲ್ಲ. “ಹಾರಿ ಹೋದವಗ ಹಾದಿ ಗೊತ್ತಾಗಂಗಿಲ್ಲ” ಎನ್ನುವುದು ಅವನ ಸಿದ್ಧಾಂತ. ಎಲ್ಲಿ ಗುಹೆ, ಎಲ್ಲಿ ಕಾಲುಹಾದಿ, ಯಾವ ಬೆಟ್ಟದ ಬೆನ್ನಿಗೆ ಕೆರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಕಾಲೇಜಿನ ಹುಡುಗ ಹುಡುಗಿಯರು ಆಡಲು ಬಂದವರು, ಆಟ ಅವನ ಕೈಗೆ ಕೊಟ್ಟು ಹಿಂದೆ ಕುಳಿತು ನೋಡುತ್ತಿದ್ದರು.

ಹೀಗಿರುವಾಗ ಎದುರು ಸಾಲಿನಲ್ಲಿ ಕನಕರಾಜ್ ಅಂಗಡಿ ತೆರೆದ. ಕನಕರಾಜ್ ಕಂಪ್ಲಿಯವನು, ಮೆತ್ತನೆಯ ಮಾತಿನವನು, ಅವನೂ ಗೈಡು. ತರಬೇತಿ ಮುಗಿಸಿ ಹಂಪಿಗೆ ಬಂದ ಹೊಸದರಲ್ಲಿ ಮುದುಕಪ್ಪನೇ ಮೂರು ತಿಂಗಳು ಜೊತೆಗೆ ಕರೆದೊಯ್ದು, ಎಲ್ಲಿ ನಿಂತು ಏನು ತೋರಿಸಬೇಕೆಂದು ತಿದ್ದಿದ್ದ. ಕನಕರಾಜ್ ತನ್ನ ಅಂಗಡಿಯಲ್ಲಿ ಇಟ್ಟ ಆಟದ ಪೆಟ್ಟಿಗೆ ಎಕ್ಸ್‌ಬಾಕ್ಸ್. ಅಂದಿನಿಂದ ಕಾಲೇಜು ರಸ್ತೆಯ ಚಹಾದಂಗಡಿಯಲ್ಲಿ ಎರಡು ಪಕ್ಷಗಳಾದವು. ಯಾವ ಪೆಟ್ಟಿಗೆ ಮೇಲು ಎಂಬ ವಾದದಲ್ಲಿ ಎಷ್ಟೋ ಲೋಟ ಚಹಾ ಆರಿಹೋದವು. ಮುದುಕಪ್ಪನೂ ಆವೇಶದಲ್ಲಿ, ಆ ಪೆಟ್ಟಿಗೆ ತನ್ನ ಹೊಸ್ತಿಲು ದಾಟುವುದಿಲ್ಲ, ತಾನೂ ಅದನ್ನು ಮುಟ್ಟುವುದಿಲ್ಲ ಎಂದು ನಾಲ್ಕು ಜನರ ಮುಂದೆ ಘೋಷಿಸಿಬಿಟ್ಟ.

ಘೋಷಿಸಿದ ವಾರದಲ್ಲೇ ಅವನ ಗ್ರಹಚಾರ ಕೆಟ್ಟಿತು. ಎಕ್ಸ್‌ಬಾಕ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಒಂದು ಆಟ ಕನಕರಾಜನ ಅಂಗಡಿಗೆ ಬಂತು. ಹಿಮದ ನಾಡು, ಪಾಳುಬಿದ್ದ ಪಟ್ಟಣಗಳು, ಹೆಪ್ಪುಗಟ್ಟಿದ ಜಲಪಾತ, ಅದರ ಹಿಂದೆ ಯಾರೂ ಸುಲಭಕ್ಕೆ ಮುಟ್ಟಲಾರದ ಒಂದು ಗಂಟೆಗೋಪುರ. ಹುಡುಗರು ಆ ಕಡೆ ಹೋದದ್ದಕ್ಕೆ ಮುದುಕಪ್ಪ ಅಷ್ಟೇನೂ ಮರುಗಲಿಲ್ಲ. ಅವನನ್ನು ಸುಟ್ಟದ್ದು ಬೇರೆ: ತಾನು ಕಾಲಿಡದ ನಾಡೊಂದರಲ್ಲಿ ತನ್ನಿಂದ ದಾರಿ ಕಲಿತವನು ಹಗಲೆಲ್ಲ ತಿರುಗಾಡುತ್ತಿದ್ದಾನೆ, ಅಲ್ಲಿಯ ಸಂದುಗೊಂದುಗಳನ್ನು ಇತರರಿಗೆ ತೋರಿಸುತ್ತಿದ್ದಾನೆ! ಅದೇನು ನಾಡು, ಬರೀ ಮಂಜುಗಡ್ಡೆ ಎಂದು ಸಿಕ್ಕಸಿಕ್ಕವರ ಮುಂದೆ ಹಳಿಯತೊಡಗಿದ.

ಹೊರಗೆ ಹಳಿದರೂ ಮನೆಯಲ್ಲಿ ಊಟಕ್ಕೆ ಕುಳಿತಾಗ ಎಡಗೈಯಲ್ಲಿ ಮೊಬೈಲು ಹಿಡಿದು, ಯಾರೋ ಎಲ್ಲೋ ಅದೇ ಆಟ ಆಡಿ ಹಾಕಿದ ವಿಡಿಯೊಗಳನ್ನು ನೋಡುತ್ತಿದ್ದ. ಅವನ ಡೈರಿಯ ಕೊನೆಯ ಹಾಳೆಗಳಲ್ಲಿ ಆ ಹಿಮದ ನಾಡಿನ ನಕ್ಷೆಯೊಂದು ದಿನದಿನಕ್ಕೂ ಬೆಳೆಯುತ್ತಿತ್ತು. ಲಲಿತಾ ಅದನ್ನು ಕಂಡು, ನೀವು ಹಳಿಯುವ ನಾಡಿನ ನಕ್ಷೆ ನಿಮಗೇಕೆಂದು ಕೇಳಿದಳು. ವೈರಿ ಏನು ಮಾಡುತ್ತಾನೆಂದು ತಿಳಿದಿರಬೇಕಲ್ಲ ಎಂದ. “ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ” ಎಂದು ಲಲಿತಾ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ರೊಟ್ಟಿ ಮುರಿದುಕೊಂಡು ಮತ್ತೆ ಮೊಬೈಲಿನತ್ತ ಬಾಗಿದ.

ಅವನ ಜೊತೆಯ ಗೈಡುಗಳಲ್ಲಿ ಒಂದು ಕಟ್ಟಳೆಯಿದೆ. ಒಂದೇ ಜಾಗಕ್ಕೆ ಇಬ್ಬರು ಬಂದರೆ ಮೊದಲು ಬಂದವನ ಮಾತು ಮುಗಿಯುವವರೆಗೆ ಎರಡನೆಯವನು ದೂರ ನಿಲ್ಲಬೇಕು; ಮೊದಲಿನವನು ಎಷ್ಟೇ ತಪ್ಪು ಹೇಳಲಿ, ಅವನ ಅತಿಥಿಗಳೆದುರು ತಿದ್ದಬಾರದು. ತಿದ್ದಿದರೆ ಅನ್ನ ಕಿತ್ತುಕೊಂಡಂತೆ. ಇದನ್ನು ಕನಕರಾಜನಿಗೆ ಕಲಿಸಿದವನೂ ಮುದುಕಪ್ಪನೇ. ಅರಸರ ಹೆಸರು ಅದಲುಬದಲಾಗಿ, ನೂರು ವರ್ಷ ಹೆಚ್ಚುಕಡಿಮೆಯಾಗಿ ಕಿವಿಗೆ ಬಿದ್ದರೂ ಅವನು ತುಟಿ ಬಿಚ್ಚಿದವನಲ್ಲ.

ಜನವರಿಯ ಒಂದು ಬೆಳಿಗ್ಗೆ ಹೊಳೆದಂಡೆಯ ಹಾದಿಯಲ್ಲಿ ಕನಕರಾಜ್ ಸಂಡೂರಿನ ಇಪ್ಪತ್ತು ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ಮಾತಾಡುತ್ತಿದ್ದ. ಮುದುಕಪ್ಪ ತನ್ನ ತಂಡವನ್ನು ಮರದಡಿ ಕೂರಿಸಿ ಕಾದ. ಆ ವಿದ್ಯಾರ್ಥಿಗಳಲ್ಲಿ ಕನಕರಾಜನ ಅಂಗಡಿಗೂ ಬಂದುಹೋಗುವ ಅಂಜಲಿ ಎಂಬ ಹುಡುಗಿ ಮಾತಿನ ನಡುವೆ, ಆಟದೊಳಗಿನ ಆ ಗಂಟೆಗೋಪುರಕ್ಕೆ ಹೋಗುವುದು ಹೇಗೆಂದು ಕೇಳಿದಳು. ಸೇತುವೆ ದಾಟಿ ಬಲಕ್ಕೆ ತಿರುಗಬೇಕೆಂದ ಕನಕರಾಜ್.

“ಬಲಕ್ಕಲ್ಲಲೇ. ಸೇತುವಿ ದಾಟಲೇಬಾರ್ದು. ಕೆಳಗಿಳಿದು ಎಡಕ್ಕ ಹೋಗ್ಬೇಕು.”

ಇಪ್ಪತ್ತು ಮುಖಗಳು ಮರದ ಕಡೆಗೆ ತಿರುಗಿದವು. ಹದಿನೈದು ವರ್ಷ ಕಾಯ್ದುಕೊಂಡು ಬಂದ ಕಟ್ಟಳೆಯನ್ನು ಮುದುಕಪ್ಪ, ಭೂಮಿಯ ಮೇಲೆಲ್ಲೂ ಇಲ್ಲದ ಗೋಪುರವೊಂದರ ಸಲುವಾಗಿ ಮುರಿದಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕನಕರಾಜ್ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನು ನಕ್ಕ. “ನೀವು ಅದನ್ನ ಆಡೇ ಇಲ್ಲಲ್ಲ ಅಣ್ಣ. ಮಧ್ಯಾಹ್ನ ಬರ್ರಿ, ಅಂಗಡ್ಯಾಗ ತೋರಸ್ರಿ” ಎಂದ.

ಮಧ್ಯಾಹ್ನ ಮುದುಕಪ್ಪ ರಸ್ತೆ ದಾಟಿದ. ಘೋಷಣೆ ನೆನಪಿರಲಿಲ್ಲವೆಂದಲ್ಲ, ನೆನಪಿದ್ದೂ ಕಾಲು ನಿಲ್ಲಲಿಲ್ಲ. ಸಂಡೂರಿನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಅಲ್ಲೇ ನೆರೆದಿದ್ದರು. ಕೋಟಿನ ತೋಳು ಮಡಚಿ, ಆ ಪೆಟ್ಟಿಗೆಯ ಆಟ ನಡೆಸುವ ಕಂಟ್ರೋಲರ್ ಕೈಗೆತ್ತಿಕೊಂಡ. ಹಿಮದ ನಾಡು ಕಣ್ಣೆದುರು ಬಿಚ್ಚಿಕೊಂಡಿತು, ಅವನ ಡೈರಿಯಲ್ಲಿದ್ದಂತೆಯೇ, ಒಂದು ತಿರುವೂ ಬದಲಾಗದೆ. ಆದರೆ ಕೈ ಕೇಳಲಿಲ್ಲ. ತನ್ನ ಪ್ಲೇಸ್ಟೇಷನ್ನಿನಲ್ಲಿ ಎಡಬದಿಯ ಕೆಳಭಾಗದಲ್ಲಿದ್ದ, ಹೆಬ್ಬೆರಳಿನಿಂದ ನಡೆಸುವ ಸ್ಟಿಕ್ಕು ಇಲ್ಲಿ ಮೇಲಕ್ಕಿತ್ತು, ಗುಂಡಿಗಳ ಗುರುತುಗಳೂ ಬೇರೆ. ಮುದುಕಪ್ಪ ಸೇತುವೆಯಿಂದ ಬಿದ್ದ. ಮತ್ತೆ ಬಂದ, ಮತ್ತೆ ಬಿದ್ದ. ಯಾರೂ ನಗಲಿಲ್ಲ, ನಕ್ಕಿದ್ದರೆ ಎದ್ದು ಹೋಗಲು ಅವನಿಗೊಂದು ನೆಪವಾದರೂ ಸಿಗುತ್ತಿತ್ತು.

“ಕೊಡ್ರಿ ಅಣ್ಣ. ನೀವು ಹೇಳ್ರಿ, ನಾ ನಡೀತೀನಿ” ಎಂದ ಕನಕರಾಜ್.

ಮುದುಕಪ್ಪ ಹೇಳಿದ. ಕೆಳಗಿಳಿ, ಎಡಕ್ಕೆ, ಬಂಡೆಯ ಸಂದಿನಲ್ಲಿ ಬಗ್ಗು, ಮೂರನೆಯ ಕಂಬದ ಬಳಿ ನಿಲ್ಲು. ಜಲಪಾತದ ಬೆನ್ನಿಗೆ ಗೋಪುರ ಎದ್ದು ನಿಂತಿತು. ಕನಕರಾಜ್ ಗಂಟೆ ಬಾರಿಸಿದ. ಅಂಗಡಿ ತುಂಬ ಚಪ್ಪಾಳೆ ಬಿತ್ತು, ಅಂಜಲಿ ಕನಕರಾಜನ ಕೈ ಕುಲುಕಿದಳು. ಮುದುಕಪ್ಪನೂ ಚಪ್ಪಾಳೆ ತಟ್ಟಿದ. ತಟ್ಟುತ್ತಿರುವ ಕೈಗಳು ತನ್ನವೇ ಎಂಬುದು ಅವನಿಗೆ ಸ್ವಲ್ಪ ತಡವಾಗಿ ತಿಳಿಯಿತು. ಹದಿನೈದು ವರ್ಷ ಸಾವಿರಾರು ಜನ ತನ್ನನ್ನು ಬಿಟ್ಟು ತನ್ನ ಬೆರಳ ತುದಿಯಾಚೆ ನೋಡಿ ಬೆರಗಾದಾಗ ಎಂದೂ ಆಗದ ಉರಿ ಅಂದು ಆಯಿತು.

ಮನೆಗೆ ಬಂದವನನ್ನು, ಸುದ್ದಿ ಮೊದಲೇ ಕೇಳಿದ್ದ ಲಲಿತಾ, ಹೇಗಿತ್ತು ಆ ನಾಡು ಎಂದು ಕೇಳಿದಳು.

“ಭಾಳ ಚಲೋ ಐತಿ. ಅದಕ್ಕ ಸಂಕಟ” ಎಂದ.

ಪರರ ಸಿರಿ ಕಂಡು ಕರುಬುವವನ ಉರಿ ಆ ಸಿರಿ ಕರಗಿದ ದಿನ ಆರುತ್ತದೆ. ದಾರಿ ತೋರುವ ಕುಲದವರ ಉರಿಗೆ ಅಂಥ ಕೊನೆಯಿಲ್ಲ. ಅವರಿಗೆ ನಾಡು ಹಾಳಾಗುವುದು ಬೇಡ, ಎದುರಾಳಿ ಅಳಿಯುವುದೂ ಬೇಡ. ಅವನು ದಾರಿ ತಪ್ಪಿದರೆ ಬಾಯಿ ಮುಚ್ಚಿಕೊಂಡು ಇರಲಾರರು; ತಾವು ತೋರಿಸಿದ ದಾರಿಯಲ್ಲೇ ನಡೆದು ಅವನು ಸರಿಯಾಗಿ ತಲುಪಿದರೆ, ಅದನ್ನೂ ಸಹಿಸಲಾರರು.