ಭರಣಿ ಮಳೆಗೆ ಊರಿದ ಜೋಳ

ಕೆ.ಆರ್. ಪುರದ ಆಚೆ, ಎರಡು ಅಪಾರ್ಟ್‌ಮೆಂಟುಗಳ ನಡುವೆ ಉಳಿದಿದ್ದ ಒಂದು ಎಕರೆ ಹೊಲ ಆರು ವರ್ಷದಿಂದ ಬೀಳು ಬಿದ್ದಿತ್ತು. ಭರಣಿ ಮಳೆ ಚೆನ್ನಾಗಿ ಸುರಿದ ಮಾರನೆಯ ಬೆಳಿಗ್ಗೆ ಅಣ್ಣನ ಮಗ ಶ್ರೀನಿವಾಸ್ ಚಿಕ್ಕಮುನಿಯಮ್ಮನ ಮನೆಗೆ ಬಂದ.

“ಅತ್ತೆ, ಈ ಸಲ ಅಪ್ಪನ ಹೊಲದಲ್ಲಿ ನೀನು ಜೋಳ ಹಾಕು. ಬೆಳೆಯೆಲ್ಲ ನಿಂದೇ.”

ಚಿಕ್ಕಮುನಿಯಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಎದ್ದಳು. ಅಣ್ಣ ತೀರಿಕೊಂಡ ಮೇಲೆ ಅವಳನ್ನು ಆ ಹೊಲಕ್ಕೆ ಯಾರೂ ಕರೆದಿರಲಿಲ್ಲ.

ಟ್ರ್ಯಾಕ್ಟರ್ ಉತ್ತು ಹೋದ ಮೇಲೆ ಎರಡು ದಿನ ಬರೀ ಕಸ ಆಯ್ದಳು. ಟೈಲ್ಸ್ ಚೂರು, ಸಿಮೆಂಟ್ ಹೆಂಟೆ, ಪ್ಲಾಸ್ಟಿಕ್. ಆಮೇಲೆ ಹಗ್ಗ ಹಿಡಿದು ಸಾಲು ಮಾಡಿ, ಗೇಣಿಗೊಂದರಂತೆ ಮುಸುಕಿನ ಜೋಳ ಊರಿದಳು. ಕೆರೆ ಕಡೆಯ ಮೂಲೆಯಲ್ಲಿ ಕಾಲು ಹೂತುಹೋಗುವಷ್ಟು ಕೆಸರಿತ್ತು. ಅದನ್ನು ಆರಲು ಬಿಟ್ಟಳು.

ಶ್ರೀನಿವಾಸ್ ದಿನಾ ಸಂಜೆ ಫೋನ್ ಮಾಡುತ್ತಿದ್ದ.

“ಎಷ್ಟಾಯ್ತು ಅತ್ತೆ?”

“ಮುಕ್ಕಾಲು ಆಯ್ತು ಕಣೋ ಸೀನ. ಕೆರೆ ಮೂಲೆ ಇನ್ನೂ ಹಸಿ ಐತೆ.”

“ಮೊಳಕೆ ಯಾವತ್ತು ಬರುತ್ತೆ?”

ಇವನಪ್ಪನೂ ಹೀಗೇ ಚಡಪಡಿಸುತ್ತಿದ್ದ ಎಂದು ಅವಳು ಹಿಗ್ಗಿದಳು. ಆರನೇ ದಿನ ಹಸಿರು ಮೊನೆಗಳು ಮಣ್ಣು ಸೀಳಿಕೊಂಡು ಬಂದಾಗ ಮೊದಲು ಅವನಿಗೇ ಹೇಳಿದಳು. ಗೊರವಂಕ ಹಕ್ಕಿಗಳು ಕಿತ್ತು ತಿಂದ ಕಡೆಯಲ್ಲೆಲ್ಲ ಮತ್ತೆ ಬೀಜ ಊರಿದಳು.

ಪೈರು ಗೇಣುದ್ದ ಆದಾಗ ಶ್ರೀನಿವಾಸ್ ತಾಲ್ಲೂಕು ಕಚೇರಿಯವರೊಬ್ಬರನ್ನು ಕರೆತಂದ. ಅದೇ ಊರಿನ ಮುನೀಂದ್ರ ಆ ಹೊಲ ತನ್ನದೆಂದು ಅರ್ಜಿ ಹಾಕಿದ್ದ; ಅದನ್ನು ಉಳುತ್ತಿರುವವರು ಯಾರೆಂದು ನೋಡಿ ವರದಿ ಬರೆಯಲು ಅವರು ಬಂದಿದ್ದರು.

“ವರ್ಷಾ ವರ್ಷಾ ನಾವೇ ಬಿತ್ತೀವಿ ಅಂದ್ಬಿಡು ಅತ್ತೆ,” ಎಂದು ಶ್ರೀನಿವಾಸ್ ಅವಳ ಕಿವಿಯಲ್ಲಿ ಉಸುರಿದ.

ಅವಳು ಪೈರಿನ ಕಡೆ ನೋಡಿದಳು. ಹಾಗೇ ಹೇಳಿದಳು. ಬಂದವರು ಫೋಟೋ ತೆಗೆದು, ಬರೆದುಕೊಂಡು ಹೋದರು.

ಹತ್ತು ದಿನ ಬಿಟ್ಟು ಕಳೆ ಕೀಳಲು ಹೋದರೆ ಹೊಲದಲ್ಲಿ ಜೆಸಿಬಿ. ಅರ್ಧ ಸಾಲುಗಳು ಆಗಲೇ ಮಣ್ಣುಗುಡ್ಡೆಯಾಗಿದ್ದವು. ಶ್ರೀನಿವಾಸ್ ಕಾರಿಗೆ ಒರಗಿ ನಿಂತಿದ್ದ.

“ಏನೋ ಇದು!”

“ವರದಿ ನಮ್ಮ ಕಡೆ ಆಯ್ತು ಅತ್ತೆ. ಹೊಲ ಬಿಲ್ಡರ್‌ಗೆ ಕೊಟ್ಟಿದ್ದೀನಿ, ಅವ್ರು ಕೆಲಸ ಶುರು ಮಾಡ್ಬೇಕಂತೆ. ಪೈರು ತೋರಿಸ್ಬೇಕಿತ್ತು, ತೋರಿಸಿದ್ವಲ್ಲ.”

“ದಿನಾ ಮೊಳಕೆ ಕೇಳ್ತಿದ್ದೆಯಲ್ಲೋ?”

“ಬಂದು ನೋಡೋಕೆ ಕಚೇರಿಯವರಿಗೆ ತಾರೀಕು ಹೇಳ್ಬೇಕಿತ್ತು, ಅದಕ್ಕೆ.”

ಅವನು ಮುಖ ಸಹ ತಗ್ಗಿಸಲಿಲ್ಲ. ಅವಳು ಉಳಿದ ಸಾಲುಗಳು ಮಣ್ಣುಪಾಲಾಗುವವರೆಗೆ ಬದುವಿನ ಮೇಲೆ ನಿಂತಿದ್ದು ಮನೆಗೆ ನಡೆದಳು.

ಮಾರನೆಯ ದಿನ ಬಸ್ಸು ಹತ್ತಿ ಕಚೇರಿಗೆ ಹೋಗಿ, ಅವತ್ತು ಬಂದಿದ್ದವರ ಮೇಜಿನ ಮುಂದೆ ನಿಂತಳು.

“ಸ್ವಾಮಿ, ನಾನು ಹೇಳಿದ್ದು ಸುಳ್ಳು. ಆರು ವರ್ಷ ಅದು ಬೀಳು ಬಿದ್ದಿತ್ತು. ಬರ್ಕೊಳ್ಳಿ.”

“ಅಜ್ಜಿ, ಹೊಲ ನಿಮ್ಮ ಮನೆಯವರ ಕೈ ತಪ್ಪಿಹೋಗ್ಬಹುದು.”

“ತಪ್ಪಲಿ.”

ಅವರು ಹಾಳೆ ಎಳೆದುಕೊಂಡು ಬರೆದರು. ಅವಳು ಒಂದೊಂದೇ ಅಕ್ಷರ ಒತ್ತಿ ಸಹಿ ಮಾಡಿದಳು. ಹೊರಗೆ ಮೆಟ್ಟಿಲ ಮೇಲೆ ಕೂತ ಮೇಲೆ ಅಳು ಬಂತು. ಸೀನನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.